ಸವಾಯಿಯ ಕಿವಿಗೆ ಹಾರ್ಡ್ ರಾಕ್

ಹಾರ್ಡ್ ರಾಕ್ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನಾವು ಅಭಿಮಾನಿಗಳು ಸಾರ್ವಕಾಲಿಕ ಶ್ರೇಷ್ಠ ಆಲ್ಬಂಗಳ ಪಟ್ಟಿ ಒಪ್ಪಿಸಿಬಿಡುತ್ತೇವೆ. ಕೇಳಿದವರ ಕಿವಿಗೆ ಇದುವರೆಗೆ ಯಾವುದರ ರೂಢಿಯಿದೆ ಎಂದು ವಿಚಾರಿಸುವುದೇ ಇಲ್ಲ.

ಪುಣೆಯಲ್ಲಿ ನಮ್ಮ ಮೇಲಿನ ಮನೆಯ ರಾಯರು ಗದಗಿನ ಕಡೆಯವರು. ಭೀಮಸೇನ ಜೋಶಿಯವರು ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಇಲ್ಲಿ ಆರಂಭಿಸಿದ ಉತ್ಸವವನ್ನು ರಾಯರು ತಪ್ಪಿಸುವವರಲ್ಲ. ಇದೇ ಊರಲ್ಲಿ 2010ರಲ್ಲಿ ಎನ್‌ಎಚ್7 ವೀಕೆಂಡರ್ ಶುರುವಾಯಿತು. ಅವರ ಮಗ ಹೋಗುತ್ತಿದ್ದದ್ದು ಅದಕ್ಕೆ. ಒಂದೇ ಮನೆಯಿಂದ ಇಬ್ಬರು ಎರಡು ಉತ್ಸವಗಳಿಗೆ ಹೋಗಿ ಬರುತ್ತಿದ್ದರು, ಏನು ಕೇಳಿ ಬಂದೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿರಲಿಲ್ಲ. ಮಗ ಈಗ ಜರ್ಮನಿಯಲ್ಲಿದ್ದಾನೆ. ಭಾನುವಾರದ ಫೋನು ಊಟ, ಚಳಿ, ಬಿಪಿ ಮಾತ್ರೆಗೆ ಮುಗಿಯುತ್ತದೆ. ಕಳೆದ ಮಳೆಗಾಲದಲ್ಲಿ ರಾಯರು ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದರು: “ಹತ್ತು ವರ್ಷ ಬಾಗಲಾ ಹಾಕ್ಕೊಂಡು ಅಂವಾ ಏನ್ ಕೇಳ್ತಿದ್ದಾ? ನನಗೂ ಕೇಳಸ್ರಿ.”

ಮೊದಲು ಕೊಟ್ಟದ್ದು ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’. 1972ರ ಆಗಸ್ಟ್‌ನಲ್ಲಿ ಒಸಾಕಾ, ಟೋಕಿಯೊ ಕಛೇರಿಗಳಲ್ಲಿ ಮುದ್ರಿಸಿದ್ದು. ಎರಡು ಎಲ್‌ಪಿಗಳಿಗೆ ಏಳೇ ಹಾಡು. ಬಡಾ ಖ್ಯಾಲ್ ಕೇಳಿದವರಿಗೆ ಈ ಉದ್ದ ಹೊಸದಲ್ಲ. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ನಡುವೆ ರಿಚಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ನುಡಿಸಿದ್ದನ್ನು ಇಯಾನ್ ಗಿಲನ್ ಕಂಠದಲ್ಲಿ ತಿರುಗಿ ಕೊಡುತ್ತಾರೆ. ಸಾಕ್ಷಾತ್ ಸವಾಲ್-ಜವಾಬ್. ಜಾನ್ ಲಾರ್ಡ್ ಅವರ ಹ್ಯಾಮಂಡ್ ಆರ್ಗನ್ ಬಂದಾಗ ರಾಯರು, “ಪೇಟಿ ಯಾರ ಬಾರಿಸ್ಯಾರ?” ಎಂದರು.

ತೊಡಕಾದದ್ದು ಗಿಟಾರಿನ ಒರಟು ದನಿ, ಅಂದರೆ ಡಿಸ್ಟಾರ್ಷನ್. ಶುದ್ಧ ಸ್ವರಕ್ಕೆ ಒಗ್ಗಿದ ಕಿವಿಗೆ ಅದು ಕೆಟ್ಟುಹೋದ ಸ್ಪೀಕರು. ನಾನು ತಂಬೂರಿಯ ಜವಾರಿ ನೆನಪಿಸಿದೆ. ಕುದುರೆಯ ಮೇಲೆ ತಂತಿಯಡಿ ದಾರ ಸರಿಸುವುದು ಒಂದೇ ನಾದದಿಂದ ಹಲವು ಉಪಸ್ವರಗಳು ಹೊಮ್ಮಲಿ ಎಂದು. ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ದುಡಿಸಿದಾಗ ನಾದದ ಅಲೆಯ ತುದಿ ಕತ್ತರಿಸಿಹೋಗಿ ಅಲ್ಲೂ ಉಪಸ್ವರಗಳು ಹೆಚ್ಚುತ್ತವೆ. ಎರಡೂ ಒಂದೇ ಅಲ್ಲ. ಆದರೆ ಬರಿಯ ಗದ್ದಲವೂ ಅಲ್ಲ.

ಎರಡನೆಯದು ಲೆಡ್ ಝೆಪೆಲಿನ್‌ನ ‘ಫಿಸಿಕಲ್ ಗ್ರಾಫಿಟಿ’, 1975. ಅದರ ‘ಕಾಶ್ಮೀರ್’ನಲ್ಲಿ ಡ್ರಮ್ಸ್ ನಾಲ್ಕರ ಎಣಿಕೆ, ಗಿಟಾರು ಮೂರರ ಎಣಿಕೆ, ಹನ್ನೆರಡಕ್ಕೊಮ್ಮೆ ಕೂಡುತ್ತವೆ. ರಾಯರು ತೊಡೆ ತಟ್ಟುತ್ತಾ ಎರಡೇ ಆವರ್ತಕ್ಕೆ ಸಮ್ ಹಿಡಿದರು. ನನಗೆ ಅದು ಸಿಗಲು ವರ್ಷಗಳೇ ಬೇಕಾಗಿದ್ದವು.

ಪಟ್ಟಿಗಳಲ್ಲಿ ಮೊದಲು ಬರುವ ಎಸಿ/ಡಿಸಿಯ ‘ಬ್ಯಾಕ್ ಇನ್ ಬ್ಲ್ಯಾಕ್’ ಅನ್ನು ಬೇಕೆಂದೇ ಕೊನೆಗಿಟ್ಟೆ. 1980ರ ಫೆಬ್ರವರಿಯಲ್ಲಿ ಗಾಯಕ ಬಾನ್ ಸ್ಕಾಟ್ ತೀರಿಕೊಂಡರು. ಜುಲೈನಲ್ಲಿ ಹೊಸ ಗಾಯಕ ಬ್ರಯಾನ್ ಜಾನ್ಸನ್ ಜೊತೆ ಈ ಆಲ್ಬಂ ಬಂತು. ಕಪ್ಪು ಹೊದಿಕೆ ಸೂತಕದ್ದು, ಆರಂಭ ಗಂಟೆಯ ಸದ್ದಿನಿಂದ. ರಾಯರ ತೀರ್ಪು: “ಗಂಟಿ ಛಲೋ ಅದ. ಮುಂದ ಬರೇ ಒದರಾಟ.”

ಇದನ್ನೇ ಅವರು ಮಗನಿಗೂ ಹೇಳಿದರು. ಅವನು ಕೆರಳಿ, ಆ ಹಾಡುಗಳಲ್ಲಿ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಬಿಟ್ಟ ಜಾಗ ಕೇಳು ಎಂದು ವಾದಿಸಿದನಂತೆ. ಆ ಭಾನುವಾರ ಮಾತ್ರೆಯ ವಿಷಯ ಬರಲಿಲ್ಲ. ಜಗಳ ಇನ್ನೂ ನಡೆದಿದೆ.

ಹಾಗಾಗಿ ನಿಮ್ಮನ್ನು ಯಾರಾದರೂ ಕೇಳಿದರೆ ಮೊದಲು ನೀವು ಕೇಳಿ: ಮನೆಯಲ್ಲಿ ಏನು ಕೇಳಿ ಬೆಳೆದಿರಿ? ಚಂಡೆ ಎಂದರೆ ‘ಲೆಡ್ ಝೆಪೆಲಿನ್ 2’ ಕೊಟ್ಟು, ‘ಮೋಬಿ ಡಿಕ್’ನಲ್ಲಿ ಜಾನ್ ಬಾನಮ್ ಅವರ ಡ್ರಮ್ಸ್‌ನಿಂದ ಶುರು ಮಾಡಿಸಿ. ಇಡೀ ಆಲ್ಬಮ್ಮನ್ನು ಕ್ರಮ ತಪ್ಪದೆ ಎರಡು ಬಾರಿ ಕೇಳಲು ಹೇಳಿ. ಇಷ್ಟವಾಗಲೇಬೇಕೆಂದಿಲ್ಲ. ಯಾಕೆ ಇಷ್ಟವಾಗಲಿಲ್ಲ ಎಂದು ಹೇಳುವಷ್ಟು ಕೇಳಿದರೆ ಸಾಕು.