ಕಂಬದ ಬುಡದ ಕಾಸು

ದಸರಾ ಬಂತೆಂದರೆ ಮೈಸೂರಿನಲ್ಲಿ ಪಾರಂಪರಿಕ ನಡಿಗೆ ಅಂತ ಒಂದು ನಡೆಯುತ್ತದೆ. ಗೈಡು ಹಳೇ ಕಟ್ಟಡ, ಹಳೇ ಪೇಟೆ ತೋರಿಸುತ್ತಾ ಮುಂದೆ, ಜನ ಹಿಂದೆ. ನಾವೂ ಹೋದೆವು. ನಾವು ಅಂದರೆ ನಾಲ್ವರು. ಇಬ್ಬರು ನಂಜನಗೂಡು ಕಡೆಯವರು, ಇಬ್ಬರು ತಿರುಮಕೂಡಲು ನರಸೀಪುರದವರು. ನಾಲ್ವರೂ ನಮ್ಮ ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಕಂಡವರು. ನಂಜನಗೂಡಿನ ಕಪಿಲೆ ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ನಾವು ಸೇರಿದ್ದು ಮೈಸೂರಿನ ಹಾಸ್ಟೆಲ್ಲಿನಲ್ಲಿ.

ಪುರಭವನದಿಂದ ಹೊರಟೆವು. ಅದು 1884ರದ್ದು ಎಂದರು ಗೈಡು. ದೊಡ್ಡ ಗಡಿಯಾರ 1927ರದ್ದು, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ. ಅದರ ಮುಖದ ಮೇಲಿನ ಕನ್ನಡದ ಅಂಕಿ ನೋಡಿ ನಮಗೂ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ಗೈಡು ಒಳ್ಳೆಯವರು. ನಮ್ಮ ಹೆಸರು ಕೇಳಿದರು, ಅದರ ಮುಂದಿನದ್ದನ್ನು ಕೇಳಲಿಲ್ಲ.

ಸಯ್ಯಾಜಿರಾವ್ ರಸ್ತೆಯಲ್ಲಿ ಒಂದು ರೇಷ್ಮೆ ಅಂಗಡಿಯ ಗಾಜಿನ ಮುಂದೆ ನಿಲ್ಲಿಸಿದರು. ಟಿಪ್ಪುವಿನ ಕಾಲದಲ್ಲಿ ಈ ಸೀಮೆಗೆ ಹುಳು ಬಂದದ್ದು, ಟಾಟಾ ಅವರು ಜಪಾನಿನಿಂದ ಬಲ್ಲವರನ್ನು ಕರೆಸಿ ಬೆಂಗಳೂರಲ್ಲಿ ರೇಷ್ಮೆ ತೋಟ ಮಾಡಿಸಿದ್ದು, 1912ರಲ್ಲಿ ಮೈಸೂರಿಗೆ ನೇಯುವ ಕಾರ್ಖಾನೆ ಬಂದದ್ದು, ಎಲ್ಲ ಹೇಳಿದರು. ನೂಲು ಬಿಚ್ಚುವವರ ಸುದ್ದಿ ಬರಲಿಲ್ಲ. ನಮ್ಮ ನರಸೀಪುರದಲ್ಲಿ ಆ ಕೆಲಸ ಉಂಟು. ನಮ್ಮಲ್ಲೊಬ್ಬನ ಅವ್ವ ಬಿಸಿನೀರಲ್ಲಿ ಬೆಂದ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ಬಿರಿದಿವೆ. ಸತ್ತ ಹುಳುವಿನ ವಾಸನೆ ಸೋಪಿಗೂ ಹೋಗುವುದಿಲ್ಲ. ಶಾಲೆಯಲ್ಲಿ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಜಾತಿಗೋ ವಾಸನೆಗೋ ಇವತ್ತಿಗೂ ತಿಳಿಯದು ಎನ್ನುತ್ತಾನೆ. ಅವ್ವನ ಮೈಮೇಲೆ ಆ ಸೀರೆ ಇನ್ನೂ ಬಿದ್ದಿಲ್ಲ.

ಚಿಕ್ಕ ಗಡಿಯಾರ ದಾಟಿ ದೇವರಾಜ ಮಾರುಕಟ್ಟೆಯೊಳಕ್ಕೆ ಹೋದೆವು. ಮಲ್ಲಿಗೆ, ವೀಳ್ಯದೆಲೆ, ಕುಂಕುಮದ ಗುಡ್ಡೆ. ಎಲ್ಲರೂ ಫೋಟೋ ತೆಗೆದರು. ಬಾಳೆಹಣ್ಣಿನ ಸಾಲಿಗೆ ಬಂದಾಗ ಗೈಡು ನಂಜನಗೂಡಿನ ರಸಬಾಳೆಯನ್ನು ಹೊಗಳಿದರು. ದೇವರಸನಹಳ್ಳಿಯ ತೋಟಗಳು, ಸೊರಗು ರೋಗ ಬಂದು ತಳಿಯೇ ಕಡಮೆಯಾದದ್ದು, ಎಲ್ಲ ನಿಜವೇ.

ಆಗ ನಂಜನಗೂಡಿನ ಗೆಳೆಯ ಬಾಯಿಬಿಟ್ಟ. ಅವನ ತಾತ ಗೊನೆ ಹೊತ್ತು ಇದೇ ಮಾರುಕಟ್ಟೆಗೆ ಬರುತ್ತಿದ್ದವನು. ತಾತ ಹೇಳುತ್ತಿದ್ದದ್ದು ಇಷ್ಟು: “ಕಾಸ ಕೈಗ್ ಕೊಡ್ತಿರ್ನಿಲ್ಲ ಕನ ಮೊಗ, ಕಂಬದ್ ಬುಡಕ್ ಎಸೀತಿದ್ರು. ನಾವ್ ಹೊತ್ತ ಹಣ್ಣು ದೇವ್ರಿಗೂ ಆಯ್ತಿತ್ತು, ನಮ್ ಕೈ ಆಯ್ತಿರ್ನಿಲ್ಲ.”

ಗುಂಪು ಮೌನವಾಯಿತು. ಒಬ್ಬರು, “ಅದೆಲ್ಲ ಹಳೇ ಮಾತು, ಈಗೆಲ್ಲಿದೆ ಬಿಡಿ” ಎಂದರು.

“ಹಳೇದನ್ನ ನೋಡಕೇ ತಾನೇ ಸ್ವಾಮಿ ಎಲ್ರೂ ಬಂದಿರೋದು?” ಎಂದೆವು.

ಗೈಡು ಸುಮ್ಮನೆ ನಿಂತರು. ಆಮೇಲೆ ಮೆಲ್ಲಗೆ, “ಯಾವ ಕಂಬ?” ಎಂದು ಕೇಳಿದರು.

ನಮಗೆ ಗೊತ್ತಿರಲಿಲ್ಲ. ತಾತ ಹೇಳಿರಲಿಲ್ಲ. ಈಗ ತಾತನೂ ಇಲ್ಲ. 2016ರ ಆಗಸ್ಟಿನಲ್ಲಿ ಈ ಮಾರುಕಟ್ಟೆಯ ಉತ್ತರದ ಬಾಗಿಲು ಕುಸಿದುಬಿತ್ತು. ಆ ಕಂಬ ಅದರಲ್ಲೇ ಹೋಯಿತೋ ಏನೋ.

2012ರಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತಿದ್ದರು. ಆದ್ದರಿಂದ ಕೆಡವಿ ಹೊಸದು ಕಟ್ಟಬೇಕು ಎಂಬವರ ಭಯ ಸುಳ್ಳಲ್ಲ. ಉಳಿಸಬೇಕು ಎಂಬವರೂ ಇದ್ದಾರೆ. ಜಗಳ ಕೋರ್ಟಿನವರೆಗೆ ಹೋಯಿತು. ನಾವು ಯಾರ ಕಡೆ? ಅವತ್ತು ಸಂಜೆ ನರಸೀಪುರದ ಬಸ್ಸಿಗೆ ಕಾಯುತ್ತಾ ಅದನ್ನೇ ಮಾತಾಡಿದೆವು. ನಮ್ಮವರನ್ನು ದೂರ ನಿಲ್ಲಿಸಿದ ಕಲ್ಲು ಬಿದ್ದರೆ ನಮಗೇನು ಎಂದ ಒಬ್ಬ. ಇನ್ನೊಬ್ಬ ಹೇಳಿದ್ದು ಸರಿ ಅನ್ನಿಸಿತು: ಕಲ್ಲು ಹೋದರೆ ಸಾಕ್ಷಿಯೂ ಹೋಗುತ್ತದೆ, ಆಮೇಲೆ ಹೀಗೆ ನಡೆದೇ ಇಲ್ಲ ಅಂತಾರೆ.

ಭದ್ರಮಾಡಿ ಉಳಿಸಿ. ಕಮಾನಿನ ಕಥೆ ಹೇಳುವಾಗ ಕಂಬದ ಬುಡದ ಕಥೆಯನ್ನೂ ಹೇಳಿ. ಹೇಳುವವರು ಸಿಗದಿದ್ದರೆ ನಮ್ಮನ್ನು ಕರೆಯಿರಿ. ಬಸ್ ಚಾರ್ಜು ನಾವೇ ಹಾಕಿಕೊಂಡು ಬರುತ್ತೇವೆ.