ಕಿವಿಗೊಂದು ಬಿರಡೆ

ತುಂಗಭದ್ರೆಯಲ್ಲಿ ಈಸಿ ದಂಡೆಗೆ ಬಂದ ಹುಡುಗ ಮೊದಲು ಮೈ ಒರೆಸಿಕೊಳ್ಳುವುದಿಲ್ಲ, ಒಂಟಿಗಾಲಿನಲ್ಲಿ ಕುಣಿಯುತ್ತಾನೆ. ತಲೆಯನ್ನು ಒಂದು ಮಗ್ಗುಲಿಗೆ ವಾಲಿಸಿ, ಅಂಗೈಯಿಂದ ಕಿವಿ ಮುಚ್ಚಿ ತೆಗೆದು, ಮುಚ್ಚಿ ತೆಗೆದು, ಹತ್ತು ಸಲ ಬಲಗಾಲು, ಹತ್ತು ಸಲ ಎಡಗಾಲು. ರಾಣೆಬೆನ್ನೂರು ತಾಲ್ಲೂಕಿನ ಹೊಳೆದಂಡೆಯ ಊರುಗಳಲ್ಲಿ ಬೆಳೆದ ನಮಗೆ ಇದು ಯಾರೂ ಕಲಿಸದೆ ಬಂದ ಕುಣಿತ. ದೂರದಿಂದ ನೋಡಿದವರಿಗೆ ಏಳೆಂಟು ಹುಡುಗರ ಮೈಮೇಲೆ ಒಮ್ಮೆಲೇ ದೇವರು ಬಂದಂತೆ ಕಾಣುತ್ತಿತ್ತು. ಬಂದದ್ದು ದೇವರಲ್ಲ, ಹೋಗಲೊಲ್ಲದ್ದು ನೀರು.

ಕುಣಿತಕ್ಕೂ ಜಗ್ಗದ ನೀರಿಗೆ ಕಲ್ಲು. ಏಪ್ರಿಲ್ ಬಿಸಿಲಿಗೆ ಕಾದ ಹೊಳೆಗಲ್ಲು, ಅಂಗೈಯಗಲದ್ದು, ನುಣ್ಣಗಿನದು. ಕರಿಯದಾದರೆ ಇನ್ನೂ ಚಲೋ. ಅದನ್ನು ಕಿವಿಗೆ ಒತ್ತಿ ಹಿಡಿದು, ಅದರ ಮೇಲೆಯೇ ತಲೆಯಿಟ್ಟು ಮರಳಿನಲ್ಲಿ ಮಲಗಬೇಕು. ಮೊದಲು ಚುರ್ ಎನ್ನುತ್ತದೆ, ಆಮೇಲೆ ಹಿತವಾಗುತ್ತದೆ. ಒಳಗಿನ ನೀರು ಕಲ್ಲಿನ ಕಾವಿಗೆ ಮೆಲ್ಲಗೆ ಬೆಚ್ಚಗಾಗಿ, ನಾವು ಕಾಯುವುದನ್ನೇ ಮರೆತ ಯಾವುದೋ ಗಳಿಗೆಯಲ್ಲಿ, ಗುಳಕ್ಕನೆ ಸಡಿಲಿ ಕೆನ್ನೆಯ ಮೇಲೆ ಇಳಿಯುತ್ತದೆ. ಅದುವರೆಗೆ ಗಡಿಗೆಯೊಳಗಿಂದ ಕೇಳಿದಂತಿದ್ದ ಲೋಕ ಮುಚ್ಚಳ ತೆಗೆದಂತೆ ತೆರೆದುಕೊಳ್ಳುತ್ತದೆ: ಬಂಡೆಗೆ ಬಟ್ಟೆ ಬಡಿಯುವ ಸದ್ದು, ನೀರಿನಲ್ಲಿ ಬಿದ್ದ ಎಮ್ಮೆಯ ಉಸಿರು, ಆಚೆ ದಂಡೆಯಲ್ಲಿ ಹಡಗಲಿ ಸೀಮೆಯ ಯಾರೋ ಇನ್ನಾರನ್ನೋ ಬೈಯುವುದು. ಮುಂದೆ ನಾನು ಧಾರವಾಡದಲ್ಲಿ ದೊಡ್ಡ ದೊಡ್ಡ ಗವಾಯಿಗಳ ಎದುರು ಕುಳಿತು ಕೇಳಿದ್ದೇನೆ. ಕಿವಿಯ ನೀರು ಇಳಿದ ಮರುಗಳಿಗೆಯ ಆ ಎಮ್ಮೆಯ ಉಸಿರಿನಷ್ಟು ಸ್ಪಷ್ಟವಾಗಿ ಯಾವುದೂ ಕೇಳಿಲ್ಲ.

ಹೊಳೆ ಇಲ್ಲದವರಿಗೆ ಬಾವಿ. ಬ್ಯಾಡಗಿಯಲ್ಲಿ ದೊಡ್ಡಪ್ಪನ ಮನೆ. ಅವನ ಹೊಲದಲ್ಲಿ ಮೆಟ್ಟಿಲಿದ್ದ ಆಳವಾದ ಬಾವಿ. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ, ಬೆನ್ನಿಗೊಂದು ಕೈಯಿಟ್ಟು ನೂಕುವುದೇ ಅವನ ಪಾಠ. ಬುರುಡೆ ಬಿಚ್ಚಿದ ವರ್ಷ ನಾನು ಧೈರ್ಯ ಮಾಡಿ ಮೇಲಿನಿಂದ ಜಿಗಿದೆ. ಮೇಲಿನ ಮೊಳ ನೀರು ಬೆಚ್ಚಗೆ, ಕೆಳಗಿನದು ಕೊರೆಯುವ ತಣ್ಣೀರು. ಮೇಲೆದ್ದು ಕಣ್ಣುಬಿಟ್ಟರೆ ಇಡೀ ಬಾವಿ ಬೀಸುಕಲ್ಲಿನಂತೆ ಗರಗರ ತಿರುಗುತ್ತಿದೆ. ಮೆಟ್ಟಿಲು ಹಿಡಿಯಲು ಹೋಗಿ ಗೋಡೆ ಹಿಡಿದೆ. “ಹೊಟ್ಟಿ ಹಸದೈತಿ, ಅದಕ್ಕs ತಲಿ ತಿರಗತೈತಿ. ನಡಿ, ಉಣ್ಣು ನಡಿ,” ಎಂದ ದೊಡ್ಡಪ್ಪ. ಅವನ ವೈದ್ಯಶಾಸ್ತ್ರದಲ್ಲಿ ಎಲ್ಲ ರೋಗಕ್ಕೂ ಕಾರಣ ಹಸಿವು, ಎಲ್ಲ ಔಷಧವೂ ರೊಟ್ಟಿ.

ಆ ತಿರುಗಾಟದ ಗುಟ್ಟು ಹಿಡಿದವನು ವಿಯೆನ್ನಾದ ಕಿವಿಯ ವೈದ್ಯ ರಾಬರ್ಟ್ ಬಾರಾನಿ. ರೋಗಿಗಳ ಕಿವಿಗೆ ನೀರು ಹೊಡೆದು ತೊಳೆಯುವಾಗ ನೀರು ತಣ್ಣಗಿದ್ದರೆ ಅವರಿಗೆ ತಲೆ ಸುತ್ತುತ್ತಿತ್ತು, ಕಣ್ಣುಗುಡ್ಡೆ ಒಂದು ಕಡೆಗೆ ಜಗ್ಗುತ್ತಿತ್ತು; ನೀರು ಬಿಸಿಯಾದರೆ ಇನ್ನೊಂದು ಕಡೆಗೆ. ಒಳಗಿವಿಯಲ್ಲಿ ಮೈಯ ತೂಕ ಕಾಯುವ ಬಾಗು ನಾಳಗಳಿವೆ, ಅವುಗಳಲ್ಲಿ ದ್ರವ ತುಂಬಿದೆ. ಒಂದು ಮಗ್ಗುಲು ತಂಪಾದರೆ ಆ ದ್ರವ ಸರಿದಾಡಿ, ತಿರುಗದ ತಲೆ ತಿರುಗುತ್ತಿದೆಯೆಂದು ಮಿದುಳಿಗೆ ಚಾಡಿ ಹೇಳುತ್ತದೆ. ಈ ಕೆಲಸಕ್ಕೆ ಬಾರಾನಿಗೆ 1914ರ ನೊಬೆಲ್ ಬಂತು. ಸುದ್ದಿ ತಲುಪಿದಾಗ ಅವನು ರಷ್ಯದಲ್ಲಿ ಯುದ್ಧಕೈದಿಯಾಗಿದ್ದ. ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: “ಜೇಲಿನ್ಯಾಗ ಅವಂಗ ಹೊಟ್ಟಿತುಂಬ ಹಾಕತಿದ್ರಂತೇನು?”

ಕಿವಿಯ ವಿಷಯದಲ್ಲಿ ದೊಡ್ಡಪ್ಪನಿಗೂ ಒಂದು ಅನುಭವ ಇತ್ತು. ಅವನು ಬ್ಯಾಡಗಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಜಾತಿ: ದುಂಡಗೆ ಮುದುಡಿದ್ದು ಡಬ್ಬಿ, ಉದ್ದಕ್ಕೆ ಸುಕ್ಕಾಗಿದ್ದು ಕಡ್ಡಿ. ಎರಡರಲ್ಲೂ ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿತು. ದೂರದ ಊರಿನ ಖರೀದಿದಾರರಿಗೆ “ನೋಡ್ರಿ, ಬಣ್ಣ ಅಷ್ಟs, ಖಾರ ಏನೂ ಇಲ್ರಿ” ಎಂದು ದಿನಕ್ಕೆ ನೂರು ಸಲ ಹೇಳುತ್ತಿದ್ದ ಮನುಷ್ಯ ಒಂದು ಸಂಜೆ, ಕಡ್ಡಿ ರಾಶಿಯೊಳಗೆ ಆಡಿಸಿದ ಕೈಯ ಕಿರುಬೆರಳನ್ನೇ ಅಭ್ಯಾಸಬಲದಿಂದ ಕಿವಿಗೆ ಹಾಕಿ ತಿರುವಿದ. ಆ ರಾತ್ರಿ ಓಣಿಯವರಿಗೆ ನಿದ್ದೆಯಿಲ್ಲ. ಬೆಳಗ್ಗೆಯಿಂದ ಅವನು ‘ಖಾರ ಏನೂ ಇಲ್ರಿ’ ಬಿಟ್ಟು ‘ಖಾರ ಕಡಿಮಿ ರಿ’ ಎನ್ನತೊಡಗಿದನೆಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ.

ನಮ್ಮ ಅವ್ವನ ಔಷಧ ಬೇರೆ. ಕೊಬ್ಬರಿ ಎಣ್ಣೆಯಲ್ಲಿ ಎರಡು ಎಸಳು ಬಳ್ಳೊಳ್ಳಿ ಕರಿದು, ಉಗುರುಬೆಚ್ಚಗೆ ಮಾಡಿ ಎರಡು ಹನಿ. ಮೇಲೆ ಹತ್ತಿಯ ಉಂಡೆ. ಹತ್ತಿಗೇನು ಬರ, ರಾಣೆಬೆನ್ನೂರು ಹತ್ತಿಯ ಪೇಟೆ. ಹಿತ್ತಲ ಕೋಣೆಯಲ್ಲಿ ಹತ್ತಿಯ ಅಂಡಿಗೆ ಇರುತ್ತಿತ್ತು, ಅದರಿಂದ ಒಂದು ತೊಳೆ ಎಳೆದು ಕಾಳು ಬಿಡಿಸಿ ತುರುಕಿದರೆ ಆಯಿತು. ಕಿವಿಯಲ್ಲಿ ಎಣ್ಣೆ ಇಳಿಯುವಾಗಿನ ಆ ಗುಂಯ್ ಸದ್ದು, ಅವ್ವನ ತೊಡೆಯ ಮೇಲಿನ ತಲೆ, ಅವಳ ಸೀರೆಯ ಹೊಗೆವಾಸನೆ. ಇದಕ್ಕಾಗಿ ನೋವಿಲ್ಲದಾಗಲೂ ಕಿವಿ ನೋಯುತ್ತದೆಂದು ನಾನು ಎಷ್ಟೋ ಸಲ ಸುಳ್ಳು ಹೇಳಿದ್ದೇನೆ.

ಸುಳ್ಳಿಗೆ ಶಿಕ್ಷೆ ತಡವಾಗಿ ಬಂತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ನಮ್ಮ ಮನೆಯವರ ಕಿವಿ ಕೆಟ್ಟರೆ ಹುಬ್ಬಳ್ಳಿಯ ಬಸ್ಸು, ಇಲ್ಲವೇ ದಾವಣಗೆರೆಯ ಬಸ್ಸು. ಜಿಲ್ಲೆಯಾದ ಕೆಲವು ವರ್ಷಕ್ಕೆ ನನ್ನ ಎಡಗಿವಿ ತುರಿಸಿ ತುರಿಸಿ ಮುಚ್ಚಿಕೊಂಡಾಗ ಹಾವೇರಿಯಲ್ಲೇ ಒಬ್ಬ ಕಿವಿ ಡಾಕ್ಟರರಿದ್ದರು. ಒಳಗೆ ಬೆಳಕು ಹಾಕಿ ನೋಡಿ, “ಏನೇನ್ ಹಾಕೀರಿ ಇದರಾಗ?” ಎಂದರು. ನಾನು ಪ್ರಾಮಾಣಿಕವಾಗಿ ಹೇಳಿದೆ: ಎಣ್ಣೆ, ಬಳ್ಳೊಳ್ಳಿ, ಒಮ್ಮೆ ಉಳ್ಳಾಗಡ್ಡಿ ರಸ, ಬೆಂಕಿಕಡ್ಡಿ, ಸೈಕಲ್ ಚಾವಿ. “ಇದು ಕಿವೀನೋ, ಒಗ್ಗರಣಿ ಸೌಟೋ?” ಎಂದು ಕೇಳಿದ ಅವರು ಚಿಮಟದಿಂದ ಕರಿಯ ಚುಕ್ಕೆಯ ಒದ್ದೆ ಕಾಗದದಂಥದ್ದನ್ನು ಎಳೆದು ತೋರಿಸಿದರು. ಹಳೆಯ ರೊಟ್ಟಿಗೆ ಹಿಡಿಯುವಂಥ ಬೂಸ್ಟು. ತೇವ ಇದ್ದು, ಕತ್ತಲಿದ್ದು, ಮೇಲೆ ಎಣ್ಣೆಯ ಉಪಚಾರವೂ ಸಿಕ್ಕರೆ ಅದು ಯಾಕೆ ಬೆಳೆಯಬಾರದು?

ಮದ್ದಿಗಿಂತ ಅವರು ಹೇಳಿದ ಮಾತು ನನಗೆ ರುಚಿಸಿತು. ಕಿವಿಯ ಹಾದಿ ಒಂದೇ ಅಂಗುಲ ಉದ್ದ. ಹೊರಗಿನ ಮೂರರಲ್ಲೊಂದು ಪಾಲು ಮೆತ್ತನೆಯ ಮೃದ್ವಸ್ಥಿ, ಒಳಗಿನ ಎರಡು ಪಾಲು ಎಲುಬು. ಆ ಎಲುಬಿನ ಮೇಲೆ ಈರುಳ್ಳಿಯ ಪೊರೆಯಷ್ಟು ತೆಳುವಾದ ಚರ್ಮ. ನಾವು ಹೊಲಸೆಂದು ಕೆದಕುವ ಗುಗ್ಗೆಯೇ ಅಲ್ಲಿಯ ಕಾವಲುಗಾರ. ಅದು ತುಸು ಹುಳಿ, ತುಸು ಜಿಡ್ಡು, ನೀರನ್ನು ಅಂಟಗೊಡುವುದಿಲ್ಲ. ಇನ್ನೂ ಸೋಜಿಗವೆಂದರೆ ಕಿವಿಯ ಚರ್ಮ ತಮಟೆಯ ಕಡೆಯಿಂದ ಹೊರಗಿನ ಕಡೆಗೆ ತಾನೇ ಮೆಲ್ಲಗೆ ಸರಿಯುತ್ತ, ಹಳೆಯ ಗುಗ್ಗೆಯನ್ನು ಹೊತ್ತು ತರುತ್ತದೆ. ಕಸ ತಾನಾಗಿ ಹೊಸ್ತಿಲಿಗೆ ಬಂದು ಬೀಳುವ ಮನೆ ಲೋಕದಲ್ಲಿ ಇದೊಂದೇ ಇರಬೇಕು. ಆ ಮನೆಗೂ ನಾವು ಕಡ್ಡಿ ಹಿಡಿದು ಕಸ ಹೊಡೆಯಲು ಹೋಗಿ ಇದ್ದಬದ್ದದ್ದನ್ನೆಲ್ಲ ದೇವರಮನೆಗೆ ನೂಕುತ್ತೇವೆ. ಒಣ ಹತ್ತಿಯೂ ಬೇಡ, ಅದು ಬತ್ತಿಯಂತೆ ನೀರು ಕುಡಿಯುತ್ತದೆ; ಸ್ನಾನಕ್ಕೆ ಇಡಲೇಬೇಕಾದರೆ ವ್ಯಾಸಲೀನ್ ಸವರಿದ ಹತ್ತಿ ಇಡಿ ಎಂದರು. ಅವ್ವನಿಗೆ ಇದನ್ನು ಹೇಳಿದೆ. ಅವಳು ಎಣ್ಣೆಯ ಬಟ್ಟಲನ್ನು ಒಳಗಿಟ್ಟಳು, ಬಹಳ ಒಳಗೇನೂ ಅಲ್ಲ.

ನನ್ನ ಕಿವಿಯ ಪುರಾಣ ಇಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಅಕ್ಕನ ಮಗ ಬೆಳೆದ.

ಸಮುದ್ರ ನಮ್ಮ ಕಡೆಯವರಿಗೆ ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದ ಮೇಲೆ, ಕುಮಟೆಯಲ್ಲಿ, ಪಾದ ತೋಯಿಸಿ ಫೋಟೋ ತೆಗೆಸಿಕೊಂಡು ಬರುವ ವಸ್ತು. ಈ ಹುಡುಗ ಮಂಗಳೂರು ಕಡೆ ಓದಲು ಹೋದವನು ಮೂಲ್ಕಿಯಲ್ಲಿ ಹಲಗೆಯ ಮೇಲೆ ನಿಲ್ಲಲು ಕಲಿತ. ‘ಸರ್ಫಿಂಗ್ ಸ್ವಾಮಿ’ ಎಂದು ಹೆಸರಾದ ಅಮೆರಿಕದ ಜಾಕ್ ಹೆಬ್ನರ್ 2004ರಲ್ಲಿ ಅಲ್ಲಿ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದ್ದರು. ಈಗ ಪಕ್ಕದ ಸಸಿಹಿತ್ಲುವಿನಲ್ಲಿ ದೇಶದ ಸರ್ಫಿಂಗ್ ಸ್ಪರ್ಧೆಗಳೂ ನಡೆಯುತ್ತವೆ. “ಹಲಗಿ ಮ್ಯಾಲ ನಿಂತು ಸಮುದ್ರದಾಗ ಏನ್ ಹುಡಕತಾನವ್ವಾ ಇಂವ?” ಎಂದು ಅಕ್ಕ ಕೇಳುತ್ತಿದ್ದಳು. ಅವನು ಹುಡುಕಿದ್ದು ಇನ್ನೂ ದೊಡ್ಡ ತೆರೆ. ಕೆಲಸ ಹಿಡಿದು ಐರ್ಲೆಂಡಿಗೆ ಹೋದ. ಪಡುವಣ ದಂಡೆಯ ಲಾಹಿಂಚ್ ಎಂಬಲ್ಲಿ ಚಳಿಗಾಲದಲ್ಲೂ, ಸಮುದ್ರ ಹತ್ತು ಡಿಗ್ರಿಯ ಆಸುಪಾಸಿನಲ್ಲಿರುವಾಗಲೂ, ವಾರಕ್ಕೆರಡು ದಿನ ನೀರಿಗಿಳಿದ. ಏಳೆಂಟು ವರ್ಷವಾದ ಮೇಲೆ ಒಂದು ದಿನ ಫೋನಿನಲ್ಲಿ ಹೇಳಿದ: ಬಲಗಿವಿಯ ನೀರು ಎರಡು ದಿನವಾದರೂ ಇಳಿಯುತ್ತಿಲ್ಲ, ಡಾಕ್ಟರು ನೋಡಿ ಒಳಗೆ ಎಲುಬು ಬೆಳೆಯುತ್ತಿದೆ ಅಂದರು.

“ಕಿವ್ಯಾಗ ಎಲಬೇನೋ ಯಪ್ಪಾ!” ಅಕ್ಕನ ಕೂಗು ಓಣಿಗೆಲ್ಲ ಕೇಳಿತು.

ಅದಕ್ಕೆ ಎಕ್ಸಾಸ್ಟೋಸಿಸ್ ಎನ್ನುತ್ತಾರೆ. ಸರ್ಫರ್ಸ್ ಇಯರ್ ಎಂಬುದು ಅಡ್ಡಹೆಸರು. ಡಾಕ್ಟರು ಹೇಳಿದ್ದ ಆ ಈರುಳ್ಳಿಪೊರೆಯೇ ಇಲ್ಲಿಯೂ ಕಾರಣ. ಹತ್ತೊಂಬತ್ತು ಡಿಗ್ರಿಗಿಂತ ತಣ್ಣಗಿನ ನೀರು ಮತ್ತೆ ಮತ್ತೆ ಹೊಕ್ಕು, ಮೇಲೆ ಗಾಳಿಯೂ ಬೀಸುತ್ತಿದ್ದರೆ, ಆ ತೆಳುಚರ್ಮದ ಕೆಳಗಿನ ಎಲುಬು ಕೆರಳಿ ಪದರದ ಮೇಲೆ ಪದರ ಬೆಳೆಯುತ್ತದೆ. ವರ್ಷಗಟ್ಟಲೆ ಹಿಡಿಯುತ್ತದೆ, ನೋವಿಲ್ಲ, ಗೊತ್ತೂ ಆಗುವುದಿಲ್ಲ. ಗಾಳಿಗೆ ಒಡ್ಡಿಕೊಂಡ ಕಿವಿಯಲ್ಲಿ ಹೆಚ್ಚು. ಹಾದಿ ಕಿರಿದಾದಂತೆ ನೀರೂ ಗುಗ್ಗೆಯೂ ಹಿಂದೆ ಸಿಕ್ಕಿಬಿದ್ದು ಕೀವಾಗುತ್ತದೆ, ಕೇಳಿಸುವುದೂ ಮಂದವಾಗುತ್ತದೆ. ಬೆಳೆದದ್ದು ತಾನಾಗಿ ಕರಗುವುದಿಲ್ಲ. ಮಿತಿಮೀರಿದರೆ ಉಳಿಯಿಂದಲೋ ಕೊರೆಯುವ ಯಂತ್ರದಿಂದಲೋ ಕೆತ್ತಿ ತೆಗೆಯಬೇಕು. ಕೆತ್ತಿಸಿಕೊಂಡು ಮತ್ತೆ ಬರಿಗಿವಿಯಲ್ಲಿ ತಣ್ಣೀರಿಗಿಳಿದರೆ ಮತ್ತೆ ಬೆಳೆಯುತ್ತದೆ. ನನಗೇಕೋ ಆ ಎಲುಬಿನ ಮೇಲೆ ಸಿಟ್ಟು ಬರಲೊಲ್ಲದು. ಚಳಿಗಾಳಿ ಹೊಡೆಯುವ ಕಿಟಕಿಗೆ ನಾವು ಗೋಣಿತಾಟು ಕಟ್ಟುತ್ತೇವೆ. ಅದು ಇಟ್ಟಿಗೆ ಇಟ್ಟು ಗೋಡೆ ಕಟ್ಟುತ್ತ ಹೋಗುತ್ತದೆ. ಸಾಕು ಬಿಡಪ್ಪಾ ಎನ್ನಲು ಆ ಮೇಸ್ತ್ರಿಗೆ ಯಾರೂ ಇಲ್ಲ.

ಇದು ಸರ್ಫಿಂಗಿನಷ್ಟು ಹೊಸ ರೋಗವೂ ಅಲ್ಲ. ಎರಿಕ್ ಟ್ರಿಂಕಾಸ್ ಮತ್ತು ಸಂಗಡಿಗರು 77 ಪ್ರಾಚೀನ ಮಾನವರ ಕಿವಿಯೆಲುಬು ಪರೀಕ್ಷಿಸಿ 2019ರಲ್ಲಿ ಬರೆದರು. ಅವರಲ್ಲಿ 23 ಮಂದಿ ನಿಯಾಂಡರ್ತಾಲರು, ಅವರ ಪೈಕಿ ಸುಮಾರು ಅರ್ಧದಷ್ಟು ಜನರ ಕಿವಿಯಲ್ಲಿ ಈ ಬೆಳವಣಿಗೆ ಇತ್ತು. ನೀರಿನಲ್ಲಿ ಆಹಾರ ಹುಡುಕುತ್ತಿದ್ದರೇನೋ ಎಂಬುದು ಪಂಡಿತರ ತರ್ಕ. ನನ್ನ ಕಣ್ಣಿಗೆ ಕಟ್ಟುವುದು ಬೇರೆ: ಯುರೋಪಿನ ಯಾವುದೋ ಹೊಳೆಯ ದಂಡೆಯಲ್ಲಿ ದಪ್ಪಹುಬ್ಬಿನ ಒಬ್ಬ ಅಜ್ಜ, ತಲೆ ವಾಲಿಸಿಕೊಂಡು, ಒಂಟಿಗಾಲಿನಲ್ಲಿ.

ಮೂಲ್ಕಿಯ ಕಡಲು ವರ್ಷವಿಡೀ ಬೆಚ್ಚಗೆ. ಅಲ್ಲಿಯೇ ಇದ್ದಿದ್ದರೆ ಈ ಎಲುಬಿನ ಗೊಡವೆ ಅವನಿಗೆ ಇರುತ್ತಿರಲಿಲ್ಲ, ಇದ್ದರೆ ನನ್ನ ಹಾಗೆ ಬೂಸ್ಟೋ ಕುರುವೋ. ಐರ್ಲೆಂಡಿನ ಡಾಕ್ಟರು ಸದ್ಯಕ್ಕೆ ಕೆತ್ತುವುದು ಬೇಡ, ಇನ್ನು ಮುಂದೆ ಕಿವಿ ಮುಚ್ಚದೆ ನೀರಿಗೆ ಇಳಿಯಬೇಡ ಎಂದು ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಈ ಸಂಕ್ರಾಂತಿಗೆ ಅವನು ಬಂದಾಗ ಜೊತೆಗೆ ಒಂದು ಪುಟ್ಟ ಡಬ್ಬಿಯೂ ಬಂತು.

ಸಂಕ್ರಾಂತಿಗೆ ನಾವು ಚೌಡದಾನಪುರಕ್ಕೆ ಹೋಗುತ್ತೇವೆ. ಮುಕ್ತೇಶ್ವರನ ಗುಡಿ ಹೊಳೆಯ ದಂಡೆಯಲ್ಲೇ ಇದೆ, ನೀರಿಗೆ ಕಿವಿಗೊಟ್ಟು ಕುಳಿತಂತೆ. ಮೈಗೆ ಎಳ್ಳು ಹಚ್ಚಿಕೊಂಡು ಮುಳುಗಿ, ಆಮೇಲೆ ಬುತ್ತಿ ಬಿಚ್ಚುವುದು: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ, ಮಾದೇಲಿ, ಶೇಂಗಾ ಹೋಳಿಗೆ. ಹುಡುಗ ಡಬ್ಬಿ ತೆರೆದು ನೀಲಿಯ ಎರಡು ಸಿಲಿಕೋನ್ ತುಣುಕು ತೆಗೆದು ಕಿವಿಗೆ ಒತ್ತಿಕೊಂಡ.

“ಅದೇನೋ ತಮ್ಮಾ?” ಎಂದಳು ಅವ್ವ.

“ಇಯರ್ ಪ್ಲಗ್ ಅಜ್ಜಿ. ನೀರು ಒಳಗ ಹೋಗಬಾರ್ದು ಅಂತ.”

“ಎಣ್ಣಿ ಸೀಸೆದ ಬಿರಡಿ ಇದ್ದಂಗೈತಿ,” ಎಂದು ಅವ್ವ ತೀರ್ಪು ಕೊಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಬಿರಡೆಯೇ.

ವರ್ಷಕ್ಕೊಂದು ಸಂಕ್ರಾಂತಿ ಮುಳುಗಿಗೆ ಎಲುಬು ಬೆಳೆಯುವುದಿಲ್ಲವೆಂದು ನಾನು ಹೇಳಹೊರಟೆ. ಬಿರಡೆಯ ಆಚೆಗೆ ಅವನಿಗೆ ಕೇಳಲಿಲ್ಲ. ಹಾಗೆಯೇ ಈಸುತ್ತ ನಡುಹೊಳೆಗೆ ಹೋದ, ನೋಡಲು ಚಂದವಾಗಿ ಈಸುತ್ತಾನೆ. ಅವ್ವ ಉಣ್ಣಲು ಕರೆದಳು. ಅಕ್ಕ ಕರೆದಳು. ಮತ್ತೆ ಅವ್ವ, ಈ ಸಲ ಗುಡಿಯ ಪಾರಿವಾಳಗಳು ಹಾರುವಂತೆ. ಅವನು ಬೆನ್ನಮೇಲೆ ತೇಲುತ್ತ ಆಕಾಶ ನೋಡುತ್ತಿದ್ದ. “ಜಾಣಗಿವುಡು. ಥೇಟ್ ಇವರ ಅಜ್ಜನs,” ಎಂದಳು ಅವ್ವ. ಅಪ್ಪ ನಲವತ್ತು ವರ್ಷ ಬಿರಡೆಯಿಲ್ಲದೆಯೇ ಇದನ್ನು ಸಾಧಿಸಿದ್ದ.

ನಾನು ನಾಲ್ಕು ಮುಳುಗು ಹಾಕಿ ಎದ್ದೆ. ಎಡಗಿವಿ ಗಡಿಗೆಯಾಯಿತು. ಐವತ್ತೆಂಟರ ಮೊಣಕಾಲು ಒಂಟಿಗಾಲ ಕುಣಿತಕ್ಕೆ ಮೂರಕ್ಕಿಂತ ಹೆಚ್ಚು ಒಪ್ಪಲಿಲ್ಲ. ಕಲ್ಲು ಹುಡುಕಿದೆ, ಜನವರಿಯ ಬೆಳಗಿನಲ್ಲಿ ಹೊಳೆಗಲ್ಲೆಲ್ಲ ಮೀನಿನಂತೆ ತಣ್ಣಗೆ. ಅವ್ವ ನೋಡಿದಳು. ಚಹಾಕ್ಕೆ ಹೂಡಿದ್ದ ಮೂರು ಕಲ್ಲಿನ ಒಲೆಯ ಪಕ್ಕದಿಂದ ಸಣ್ಣದೊಂದು ಕಲ್ಲು ಆರಿಸಿ, ಅಂಗೈಯಲ್ಲಿ ಉರುಳಿಸಿ ಕಾವು ನೋಡಿ, ಸೆರಗಿನಲ್ಲಿ ಸುತ್ತಿ, “ಬಾ ಇಲ್ಲಿ” ಎಂದಳು. ಮರಳಿನ ಮೇಲೆ ಮಲಗಿ ಅವಳ ತೊಡೆಯ ಮೇಲೆ ತಲೆಯಿಟ್ಟೆ. ಎಳ್ಳಿನ ವಾಸನೆ, ಹೊಗೆಯ ವಾಸನೆ. ಹಾವೇರಿಯ ಡಾಕ್ಟರರನ್ನು ನೆನೆದು ಒಂದು ಗಳಿಗೆ ಅಳುಕಾಯಿತು, ಆದರೆ ಕಲ್ಲು ಒಳಗೇನೂ ಹೋಗುವುದಿಲ್ಲವಲ್ಲ.

ಗುಳಕ್ ಎಂದು ಇಳಿಯುವ ಹೊತ್ತಿಗೆ ಹುಡುಗ ದಂಡೆಗೆ ಬಂದು ನಿಂತು ನೋಡುತ್ತಿದ್ದ. ಎರಡೂ ಬಿರಡೆ ಕಿತ್ತು ಡಬ್ಬಿಗೆ ಹಾಕಿ ನಮ್ಮ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ.

“ಅಜ್ಜಿ, ನಂಗೂ ಒಂದು ಕಲ್ಲು ಹಿಡಿ.”

“ನಿನ್ನ ಕಿವ್ಯಾಗ ನೀರs ಹೋಗಿಲ್ಲಲ್ಲೋ,” ಎನ್ನುತ್ತಲೇ ಅವ್ವ ಒಲೆಯ ಕಡೆ ಕೈ ಚಾಚಿದಳು.