ಒಂದು–ಸೊನ್ನೆ

ಒಂದು–ಸೊನ್ನೆಯಲ್ಲಿ ಮುಗಿಯುವ ಫುಟ್‌ಬಾಲ್ ಪಂದ್ಯವೆಂದರೆ ನನಗೆ ಪ್ರಾಣ. ಮನೆಯಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ. ಇಪ್ಪತ್ತೆರಡು ಜನ ತೊಂಬತ್ತು ನಿಮಿಷ ಓಡಾಡಿ ಕೊನೆಗೆ ದಕ್ಕಿದ್ದು ಒಂದೇ ಒಂದು ಗೋಲು, ಅದಕ್ಕಾಗಿ ನಡುರಾತ್ರಿಯವರೆಗೆ ಹಾಲಿನ ದೀಪ ಉರಿಯಬೇಕೇ ಎಂಬುದು ನನ್ನವಳ ತಕರಾರು. ಮಗನದು ಬೇರೆ ಥರ. ಅವನಿಗೆ ಐದು–ಸೊನ್ನೆ, ಆರು–ಒಂದು ಬೇಕು. ಅದೂ ಮರುದಿನ ಬೆಳಿಗ್ಗೆ ಐದು ನಿಮಿಷದ ಹೈಲೈಟ್ಸ್‌ನಲ್ಲಿ. "ಅಪ್ಪಾ, ನಿನ್ನ ಮ್ಯಾಚಲ್ಲಿ ಏನೂ ಆಗ್ಲೇ ಇಲ್ವಲ್ಲ" ಎನ್ನುತ್ತಾನೆ. ಏನೂ ಆಗದಂತೆ ನೋಡಿಕೊಳ್ಳಲು ಹನ್ನೊಂದು ಜನ ಎಷ್ಟು ಬೆವರು ಸುರಿಸಿದರು ಎನ್ನುವುದು ಹೈಲೈಟ್ಸ್‌ನಲ್ಲಿ ಬರುವುದಿಲ್ಲ.

ನನ್ನ ಹುಚ್ಚು ಪಂದ್ಯದಲ್ಲಿ ಶುರುವಾದರೂ ಬೇರು ಬಿಟ್ಟಿರುವುದು ಅಂಕಪಟ್ಟಿಯಲ್ಲಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗನ್ನೇ ತೆಗೆದುಕೊಳ್ಳಿ. ಇಪ್ಪತ್ತು ತಂಡ, ಒಂದೊಂದಕ್ಕೂ 38 ಪಂದ್ಯ, ಆಗಸ್ಟಿನಿಂದ ಮೇವರೆಗೆ. ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು, ಸೋತರೆ ಸೊನ್ನೆ. ಒಂದು ಗೋಲಿನಿಂದ ಗೆದ್ದರೂ ಮೂರು, ಏಳರಿಂದ ಗೆದ್ದರೂ ಮೂರೇ. ಹಾಗಾಗಿ ಪಂದ್ಯದ ಮೊದಲ ಗೋಲು ಚಿನ್ನ, ಐದನೆಯದು ದುಂದುವೆಚ್ಚ. ಇಷ್ಟಾದರೂ ಪಟ್ಟಿ ಮಾತ್ರ ಬಾಯಿ ಬಿಡುವುದಿಲ್ಲ. ಎಷ್ಟು ಗೆಲುವು, ಎಷ್ಟು ಸೋಲು ಎಂದು ಹೇಳುತ್ತದೆ. ಯಾವ ಗೆಲುವು ಕೂದಲೆಳೆಯಲ್ಲಿ ದಕ್ಕಿದ್ದು ಎಂದು ಹೇಳುವುದಿಲ್ಲ. ಆ ಕಾಲಮ್ಮನ್ನು ನಾನೇ ಹಾಕಿಕೊಳ್ಳುತ್ತೇನೆ. ಉದ್ದನೆಯ ನೋಟ್‌ಬುಕ್ಕು, ಪೆನ್ಸಿಲ್ಲು, ತಂಡಕ್ಕೊಂದು ಪುಟ. ಒಂದು ಗೋಲಿನ ಗೆಲುವಿಗೆ ಚುಕ್ಕೆ, ಒಂದು ಗೋಲಿನ ಸೋಲಿಗೆ ಅಡ್ಡಗೆರೆ, ಡ್ರಾಗೆ ಸುತ್ತು. ಅದಕ್ಕಿಂತ ಹೆಚ್ಚಿನ ಅಂತರದ ಪಂದ್ಯಗಳಿಗೆ ಏನೂ ಇಲ್ಲ, ಖಾಲಿ ಜಾಗ. ಫೆಬ್ರವರಿ ಬರುವ ಹೊತ್ತಿಗೆ ಖಾಲಿ ಜಾಗ ಎಷ್ಟು ಕಡಿಮೆ ಇರುತ್ತದೆಂದರೆ, ಇಡೀ ಲೀಗು ನಿಂತಿರುವುದೇ ಈ ಚುಕ್ಕೆ–ಗೆರೆಗಳ ಮೇಲೆ ಅನ್ನಿಸುತ್ತದೆ. ಮೊಬೈಲು ಇದನ್ನೆಲ್ಲ ಅರೆಕ್ಷಣದಲ್ಲಿ ಮಾಡಿಕೊಡುತ್ತದಂತೆ. ಮಾಡಿಕೊಡಲಿ. ಚುಕ್ಕೆ ಇಡುವ ಸುಖ ಅದಕ್ಕೇನು ಗೊತ್ತು?

ಒಂದು–ಸೊನ್ನೆ ಪಂದ್ಯದ ಕೊನೆಯ ಹತ್ತು ನಿಮಿಷ ನೋಡಬೇಕು. ಮುಂದಿರುವ ತಂಡಕ್ಕೆ ಅಲ್ಲಿಯವರೆಗೆ ಆಟ ಬರುತ್ತಿತ್ತು. ಈಗ ಎಲ್ಲ ಮರೆತುಹೋಗಿದೆ. ತುಂಬಿದ ಕೊಡ ಹೊತ್ತು ಪಾಚಿಗಟ್ಟಿದ ಮೆಟ್ಟಿಲು ಇಳಿಯುವವರ ನಡಿಗೆ ಅವರದು. ಗೋಲ್‌ಕೀಪರ್ ಚೆಂಡನ್ನು ಎದೆಗವಚಿ ನೆಲಕ್ಕೆ ಬಿದ್ದವನು ಏಳಲು ಒಂದು ಯುಗ ತೆಗೆದುಕೊಳ್ಳುತ್ತಾನೆ. ಥ್ರೋ ಎಸೆಯಬೇಕಾದ ಡಿಫೆಂಡರ್ ಚೆಂಡು ಒರೆಸಿ, ಆ ಕಡೆ ಈ ಕಡೆ ನೋಡಿ, ಕೊನೆಗೆ ಇನ್ನೊಬ್ಬನ ಕೈಗೆ ಕೊಟ್ಟು ಹೊರಟೇಬಿಡುತ್ತಾನೆ. 2019ರಲ್ಲಿ ನಿಯಮ ಬದಲಾಗುವವರೆಗೆ, ಬದಲಿ ಆಟಗಾರ ಬರಬೇಕೆಂದರೆ ಹೊರಹೋಗುವವನು ಮೈದಾನದ ಆಚೆ ತುದಿಯಲ್ಲೇ ಇರುತ್ತಿದ್ದ, ಬಾಲ್ಯಸ್ನೇಹಿತರನ್ನು ಬೀಳ್ಕೊಡುವಂತೆ ಎಲ್ಲರ ಕೈಕುಲುಕಿ ಬರುತ್ತಿದ್ದ. ಎದುರಾಳಿಗೆ ಕಾರ್ನರ್ ಸಿಕ್ಕಿತೆಂದರೆ ಅವರ ಗೋಲ್‌ಕೀಪರ್ ಕೂಡ ಗೂಡು ಬಿಟ್ಟು ಇತ್ತ ಓಡಿ ಬರುತ್ತಾನೆ. ಆ ಹೊತ್ತಿನಲ್ಲಿ ಯಾರದೋ ಮೊಣಕಾಲಿಗೆ ತಾಗಿದ ಚೆಂಡು ಎತ್ತ ಹೊರಳುತ್ತದೆ ಎನ್ನುವುದರ ಮೇಲೆ ಎರಡು ಅಂಕ ತೂಗಾಡುತ್ತಿರುತ್ತವೆ. ಐದು–ಸೊನ್ನೆಯ ಪಂದ್ಯದಲ್ಲಿ ಈ ಹತ್ತು ನಿಮಿಷ ಕಾಫಿ ಮಾಡಿಕೊಳ್ಳಲು ಒಳ್ಳೆಯದು, ಅಷ್ಟೇ.

ನನ್ನ ಪುಟಗಳಲ್ಲಿ ನನಗೆ ಅತಿ ಪ್ರಿಯವಾದದ್ದು 2015–16ರ ಲೆಸ್ಟರ್ ಸಿಟಿಯದು. ಆ ವರ್ಷ ಅವರು ಲೀಗ್ ಗೆದ್ದದ್ದು ಪವಾಡ ಎಂದು ಎಲ್ಲರೂ ಬರೆದರು. ಪವಾಡ ಹೌದು, ಆದರೆ ಚುಕ್ಕೆ ಚುಕ್ಕೆಯಾಗಿ ಆದ ಪವಾಡ. ಅವರ 23 ಗೆಲುವುಗಳಲ್ಲಿ 14 ಬಂದದ್ದು ಒಂದೇ ಗೋಲಿನ ಅಂತರದಲ್ಲಿ. ಋತುವಿನ ಆರಂಭದಲ್ಲಿ ಅವು ಮೂರು–ಎರಡು, ಎರಡು–ಒಂದು. ಎರಡು ಕೊಟ್ಟು ಮೂರು ಹೊಡೆಯುವ ಧಾರಾಳ. ವಸಂತ ಬಂದಂತೆ ಜಿಪುಣತನ ಶುರು. ಫೆಬ್ರವರಿಯ ಕೊನೆಗೆ ನಾರಿಚ್ ವಿರುದ್ಧ 89ನೆಯ ನಿಮಿಷದಲ್ಲಿ ಉಯೋವಾ ಹೊಡೆದ ಒಂದು ಗೋಲು. ನಡುವೆ ಒಂದು ಡ್ರಾ. ಆಮೇಲೆ ವಾಟ್‌ಫರ್ಡ್, ನ್ಯೂಕಾಸಲ್, ಕ್ರಿಸ್ಟಲ್ ಪ್ಯಾಲೆಸ್, ಸೌತಾಂಪ್ಟನ್ ಮೇಲೆ ಸಾಲಾಗಿ ನಾಲ್ಕು ಪಂದ್ಯ ಒಂದು–ಸೊನ್ನೆ. ಮಾರ್ಗನ್, ಹೂತ್ ಎಂಬ ಇಬ್ಬರು ದಢೂತಿ ಡಿಫೆಂಡರ್‌ಗಳು ಬಂದ ಚೆಂಡನ್ನೆಲ್ಲ ತಲೆಯಿಂದ ಅಟ್ಟಿ ಕಳಿಸುತ್ತಿದ್ದುದನ್ನು ನಾನು ಸಂಗೀತ ಕೇಳುವವರಂತೆ ಕಣ್ಣು ಅರೆಮುಚ್ಚಿ ನೋಡಿದ್ದೇನೆ. ಈಗ ಒಂದು ಕಿಡಿಗೇಡಿ ಲೆಕ್ಕ. ಆ 14ರಲ್ಲಿ ಅರ್ಧದಷ್ಟು ಪಂದ್ಯ ಡ್ರಾ ಆಗಿದ್ದರೆ ಲೆಸ್ಟರ್‌ಗೆ ಹದಿನಾಲ್ಕು ಅಂಕ ಖೋತಾ. 81 ಇದ್ದದ್ದು 67 ಆಗುತ್ತಿತ್ತು. ಆರ್ಸೆನಲ್ 71, ಟಾಟನಂ 70. ಪವಾಡದ ತಂಡ ಮೂರನೆಯ ಸ್ಥಾನದಲ್ಲಿ ನಿಂತು ಬೆನ್ನು ತಟ್ಟಿಸಿಕೊಂಡು ಮನೆಗೆ ಹೋಗಬೇಕಿತ್ತು.

ಹಾಗಾದರೆ ಎಲ್ಲ ಅದೃಷ್ಟವೇ? ಮುಂದಿನ ವರ್ಷ ಲೆಸ್ಟರ್ 44 ಅಂಕದೊಂದಿಗೆ 12ನೆಯ ಸ್ಥಾನಕ್ಕೆ ಇಳಿದದ್ದನ್ನು ತೋರಿಸಿ ಹೌದು ಎನ್ನುವವರಿದ್ದಾರೆ. ಆದರೆ ನಡುವೆ ಕಾಂಟೆ ಎಂಬ ಸಣ್ಣ ಮೈಕಟ್ಟಿನ, ದಣಿವರಿಯದ ಮಿಡ್‌ಫೀಲ್ಡರ್ ಚೆಲ್ಸಿಗೆ ಹೊರಟುಹೋಗಿದ್ದ, ಆ ವರ್ಷ ಲೀಗ್ ಗೆದ್ದದ್ದು ಚೆಲ್ಸಿಯೇ ಎನ್ನುವುದನ್ನು ಅವರು ಹೇಳುವುದಿಲ್ಲ. ಒಂದು ಗೋಲಿನ ಪಂದ್ಯದಲ್ಲಿ ಅದೃಷ್ಟದ ಪಾಲು ದೊಡ್ಡದೇ. ಆ ಅದೃಷ್ಟ ಬಾಗಿಲು ತಟ್ಟಿದಾಗ ಅಲ್ಲಿ ಓಡಿ ಬಂದು ನಿಂತಿರುವ ಒಬ್ಬ ಬೇಕಲ್ಲ?

ಗೆಲುವಿನ ಮಾತು ಹೀಗಾದರೆ ಡ್ರಾದ ಕಥೆ ಇನ್ನೂ ಮಜಾ. ಇಟಲಿಯ ಪೆರೂಜಾ ತಂಡ 1978–79ರಲ್ಲಿ 30 ಪಂದ್ಯ ಆಡಿ ಒಂದನ್ನೂ ಸೋಲಲಿಲ್ಲ. ಆದರೂ ಲೀಗ್ ಗೆಲ್ಲಲಿಲ್ಲ! 11 ಗೆಲುವು, 19 ಡ್ರಾ. ಗೆದ್ದದ್ದು ಮೂರು ಸಲ ಸೋತ ಮಿಲಾನ್. ಸೋಲನ್ನೇ ಕಾಣದ ತಂಡ ಎರಡನೆಯ ಸ್ಥಾನದಲ್ಲಿ ನಿಂತು ಕಪ್ ಎತ್ತುವವರಿಗೆ ಚಪ್ಪಾಳೆ ತಟ್ಟುವುದೆಂದರೆ ಹೇಗಿರಬೇಡ! ಆಗ ಗೆಲುವಿಗೆ ಎರಡೇ ಅಂಕ. ವ್ಯತ್ಯಾಸ ಮೂರೇ ಅಂಕದ್ದಾಯಿತು. ಈಗಿನ ಲೆಕ್ಕದಲ್ಲಿ ಒಂಬತ್ತು ಆಗುತ್ತಿತ್ತು. ಜಿಮ್ಮಿ ಹಿಲ್ ಎಂಬ ಗಡ್ಡದ ಮನುಷ್ಯ ಪಟ್ಟು ಹಿಡಿದದ್ದರಿಂದ ಇಂಗ್ಲೆಂಡಿನಲ್ಲಿ 1981ರಿಂದ ಗೆಲುವಿಗೆ ಮೂರು ಅಂಕ ಬಂತು. ಡ್ರಾ ಎಂಬುದು ಅರ್ಧ ಗೆಲುವಾಗಿದ್ದದ್ದು ಮುಕ್ಕಾಲು ಸೋಲಾಯಿತು ಎಂದು ನಾನು ಹೇಳುವುದುಂಟು. ಮೂರರಲ್ಲಿ ಒಂದು ಹೇಗೆ ಕಾಲು ಭಾಗವಾಗುತ್ತದೆ ಎಂದು ಕೇಳುವವರು ಸೋತಂತೆ ಭಾಸವಾಗುವ ಡ್ರಾವನ್ನು ನೋಡಿಲ್ಲ.

ಇನ್ನು ಮಗನ ಪಕ್ಷದ ಒಂದು ಪಂದ್ಯ. ನ್ಯಾಯವಾಗಿ ಹೇಳಲೇಬೇಕು. 2011ರ ಅಕ್ಟೋಬರ್ 23ರಂದು ಮ್ಯಾಂಚೆಸ್ಟರ್ ಸಿಟಿ ತಮ್ಮ ಊರಿನವರೇ ಆದ ಯುನೈಟೆಡ್‌ಗೆ ಅವರದೇ ಮೈದಾನದಲ್ಲಿ ಆರು–ಒಂದರ ಪೆಟ್ಟು ಕೊಟ್ಟಿತು. ಮುಗಿಯಲು ಎರಡು–ಮೂರು ನಿಮಿಷ ಇದ್ದಾಗ ಅದು ಮೂರು–ಒಂದೇ ಆಗಿತ್ತು. ಹತ್ತು ಜನರಾಗಿ ಸುಸ್ತಾಗಿದ್ದ ಯುನೈಟೆಡ್ ಮೇಲೆ ಕೊನೆಯಲ್ಲಿ ಮೂರು ಗೋಲು ಬಿದ್ದವು. ದುಂದುವೆಚ್ಚ ಎಂದು ನಾನು ಮುಖ ಸಿಂಡರಿಸುವ ಜಾತಿಯ ಗೋಲುಗಳು. ಏಪ್ರಿಲ್ ಬಂದಾಗ ಆರು ಪಂದ್ಯ ಉಳಿದಿರುವಂತೆ ಯುನೈಟೆಡ್ ಎಂಟು ಅಂಕ ಮುಂದಿತ್ತು. ಆಮೇಲೆ ನನಗಿಷ್ಟದ ಫಲಿತಾಂಶಗಳು ಬಂದವು: ವಿಗನ್ ಎದುರು ಸೊನ್ನೆ–ಒಂದು; ಎವರ್ಟನ್ ಎದುರು ನಾಲ್ಕು–ಎರಡರಿಂದ ಮುಂದಿದ್ದು, ಏಳೆಂಟು ನಿಮಿಷ ಉಳಿದಿರುವಾಗ ಎರಡು ಗೋಲು ಬಿಟ್ಟುಕೊಟ್ಟು ನಾಲ್ಕು–ನಾಲ್ಕು; ಸಿಟಿ ಎದುರು ಕೊಂಪನಿಯ ತಲೆಯಿಂದ ಬಂದ ಸೊನ್ನೆ–ಒಂದು. ಮೇ 13ರಂದು ಸಿಟಿಯ ಅಗ್ವೆರೊ ಇಂಜುರಿ ಟೈಮ್‌ನಲ್ಲಿ ಹೊಡೆದ ಗೋಲು ಎಲ್ಲರಿಗೂ ನೆನಪಿದೆ. ಎರಡೂ ತಂಡಕ್ಕೆ 89 ಅಂಕ. ಗೋಲುಗಳ ಅಂತರದಲ್ಲಿ ಸಿಟಿಗೆ 64, ಯುನೈಟೆಡ್‌ಗೆ 56. ಕಪ್ಪು ಸಿಟಿಗೆ.

ಒಂದು ಭಾನುವಾರ ಮಧ್ಯಾಹ್ನ ಸುಮ್ಮನೆ ಆ ಆರು–ಒಂದನ್ನು ಒಂದು–ಸೊನ್ನೆ ಮಾಡಿ ನೋಡಿದೆ. ಗೆಲುವು ಸಿಟಿಯದೇ, ಅಂಕ ಬದಲಾಗುವುದಿಲ್ಲ. ಸಿಟಿ ಹೊಡೆದದ್ದು 93ರ ಬದಲು 88, ಬಿಟ್ಟುಕೊಟ್ಟದ್ದು 29ರ ಬದಲು 28. ಯುನೈಟೆಡ್ ಹೊಡೆದದ್ದು 89ರ ಬದಲು 88, ಬಿಟ್ಟುಕೊಟ್ಟದ್ದು 33ರ ಬದಲು 28. ಇಬ್ಬರಿಗೂ 28 ಗೆಲುವು, 5 ಡ್ರಾ, 5 ಸೋಲು. ಇಬ್ಬರೂ ಹೊಡೆದದ್ದು 88, ಬಿಟ್ಟದ್ದು 28. ಎಲ್ಲ ಕಾಲಮ್ಮಿನಲ್ಲೂ ಎರಡು ಸಾಲು ಅಕ್ಷರಶಃ ಒಂದೇ! ಪೆನ್ಸಿಲ್ಲು ಕೆಳಗಿಟ್ಟು ಮತ್ತೊಮ್ಮೆ ಕೂಡಿಸಿದೆ, ಕಳೆದೆ. ಹೌದು, ಅದೇ. ಆಗಿನ ನಿಯಮದ ಪ್ರಕಾರ ತಟಸ್ಥ ಮೈದಾನದಲ್ಲಿ ಇನ್ನೊಂದು ಪಂದ್ಯ ಆಡಿಸಬೇಕಾಗುತ್ತಿತ್ತು. 38 ವಾರಗಳ ಹೋರಾಟದ ಕೊನೆಗೆ ಒಂದೇ ಊರಿನ ಎರಡು ತಂಡಗಳ ನಡುವೆ ಒಂದು ರಾತ್ರಿಯ ಪಂದ್ಯ! ಅಕ್ಟೋಬರಿನ ಆ ದುಂದುವೆಚ್ಚದ ಗೋಲುಗಳು ನನ್ನಿಂದ ಅದನ್ನು ಕಿತ್ತುಕೊಂಡವು ಎಂಬ ಸಿಟ್ಟು ಇನ್ನೂ ಇಳಿದಿಲ್ಲ.

ಅಂಕ ಸಮವಾದಾಗ ಯಾವ ಲೆಕ್ಕ ಹಿಡಿಯಬೇಕು ಎನ್ನುವುದು ಸಣ್ಣ ವಿಷಯವಲ್ಲ. ಕಾರ್ಡಿಫ್‌ನವರನ್ನು ಕೇಳಿ. 1924ರ ಮೇ ತಿಂಗಳು, ಋತುವಿನ ಕೊನೆಯ ದಿನ. ವೇಲ್ಸ್‌ನ ಕಾರ್ಡಿಫ್ ಸಿಟಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಗೆದ್ದರೆ ಇಂಗ್ಲಿಷ್ ಲೀಗಿನ ಚಾಂಪಿಯನ್. ಪೆನಾಲ್ಟಿ ಸಿಕ್ಕಿತು. ಹೊಡೆಯಲು ಬಂದವನು ಆ ವರ್ಷ ತಂಡಕ್ಕೆ ಅತಿ ಹೆಚ್ಚು ಗೋಲು ಹೊಡೆದಿದ್ದ ಲೆನ್ ಡೇವಿಸ್. ತಪ್ಪಿತು. ಪಂದ್ಯ ಸೊನ್ನೆ–ಸೊನ್ನೆ. ಅತ್ತ ಹಡರ್ಸ್‌ಫೀಲ್ಡ್ ಮೂರು–ಸೊನ್ನೆಯಿಂದ ಗೆದ್ದಿತು. ಇಬ್ಬರಿಗೂ 57 ಅಂಕ. ಆ ಕಾಲಕ್ಕೆ ಹೊಡೆದ ಗೋಲನ್ನು ಬಿಟ್ಟ ಗೋಲಿನಿಂದ ಭಾಗಿಸುತ್ತಿದ್ದರು. ಹಡರ್ಸ್‌ಫೀಲ್ಡ್‌ನದು 60ಕ್ಕೆ 33, ಕಾರ್ಡಿಫ್‌ನದು 61ಕ್ಕೆ 34. ಭಾಗಿಸಿ ನೋಡಿದರೆ ವ್ಯತ್ಯಾಸ 0.024. ಭಾಗಿಸುವ ಬದಲು ಕಳೆದಿದ್ದರೆ ಇಬ್ಬರಿಗೂ 27; ಆಗ ಹೆಚ್ಚು ಗೋಲು ಹೊಡೆದ ಕಾರ್ಡಿಫ್‌ಗೇ ಕಪ್ಪು. ಕಳೆಯುವ ಪದ್ಧತಿ ಇಂಗ್ಲೆಂಡಿಗೆ ಬಂದದ್ದು ಅರ್ಧ ಶತಮಾನದ ನಂತರ. ಕಾರ್ಡಿಫ್ ಇವತ್ತಿನವರೆಗೂ ಆ ಲೀಗ್ ಗೆದ್ದಿಲ್ಲ. ಹಡರ್ಸ್‌ಫೀಲ್ಡ್ ಮುಂದಿನ ಎರಡು ವರ್ಷವೂ ಗೆದ್ದು, ಸತತ ಮೂರು ಬಾರಿ ಗೆದ್ದ ಮೊದಲ ಇಂಗ್ಲಿಷ್ ತಂಡ ಎನ್ನಿಸಿಕೊಂಡಿತು. ಆ ಹಿರಿಮೆಯ ತಳಪಾಯದಲ್ಲಿ 0.024 ಇದೆ.

ಈ ಸತತ ಮೂರು ಎನ್ನುವ ಮಾತು ಬಂದರೆ ನನ್ನ ಹೊಟ್ಟೆಯೊಳಗೆ ಏನೋ ಹಿಂಡುತ್ತದೆ. ಬೆಂಗಳೂರು ಎಫ್‌ಸಿ ಹುಟ್ಟಿದ ವರ್ಷವೇ, 2013–14ರಲ್ಲಿ, ಐ–ಲೀಗ್ ಗೆದ್ದಿತು. 2015–16ರಲ್ಲಿ ಮತ್ತೆ ಗೆದ್ದಿತು. ನಡುವಿನ ವರ್ಷದ ಕೊನೆಯ ಪಂದ್ಯ 2015ರ ಮೇ 31ರಂದು, ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ. ಎದುರಾಳಿ ಕೋಲ್ಕತ್ತದ ಮೋಹನ್ ಬಾಗಾನ್, ಎರಡು ಅಂಕ ಮುಂದೆ. ಅವರಿಗೆ ಡ್ರಾ ಸಾಕು, ನಮಗೆ ಗೆಲುವೇ ಬೇಕು. 41ನೆಯ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದ. ಒಂದು–ಸೊನ್ನೆ! ನನ್ನ ಪ್ರಾಣದ ಅಂಕಿ, ನನ್ನ ಊರಿನ ಮೈದಾನದಲ್ಲಿ, ಕಪ್ಪಿನ ಸಮೇತ. ಒಂದು–ಸೊನ್ನೆಯ ಸೌಂದರ್ಯದ ಬಗ್ಗೆ ನಾನು ಆಡುವ ಮಾತೆಲ್ಲ ಬೇರೆಯವರ ತಂಡಗಳ ವಿಷಯಕ್ಕೆ ಎಂದು ಅರಿವಾದದ್ದು ದ್ವಿತೀಯಾರ್ಧದಲ್ಲಿ. ಆ ನಲವತ್ತು ನಿಮಿಷ ನನಗೆ ಐದು–ಸೊನ್ನೆ ಬೇಕಿತ್ತು. 87ನೆಯ ನಿಮಿಷದಲ್ಲಿ ಸೋನಿ ನೊರ್ಡೆ ಕಾರ್ನರ್ ಎತ್ತಿದ, ನೈಜೀರಿಯದ ಬೆಲೊ ರಜಾಕ್ ತಲೆ ಕೊಟ್ಟ. ಒಂದು–ಒಂದು. ಬಾಗಾನ್‌ಗೆ 39, ಬೆಂಗಳೂರಿಗೆ 37. ಅವರು ಹದಿಮೂರು ವರ್ಷ ಕಾದಿದ್ದರು ಎಂದು ಆಫೀಸಿನ ಬಂಗಾಳಿ ಗೆಳೆಯ ಮರುದಿನ ಸಂದೇಶ್ ಹಂಚುತ್ತಾ ಸಮಾಧಾನ ಹೇಳಿದ. ಸಂದೇಶ್ ತಿಂದೆ. ಸಮಾಧಾನ ಆಗಲಿಲ್ಲ.

ಆಮೇಲೆ ತಂಡ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಹೋಯಿತು. 2018–19ರಲ್ಲಿ ಲೀಗ್ ಹಂತ ಮುಗಿದಾಗ ಬೆಂಗಳೂರಿಗೂ ಗೋವಾಕ್ಕೂ 34 ಅಂಕ. ಗೋವಾದವರು ಗೋಲಿನ ಮೇಲೆ ಗೋಲು ಪೇರಿಸಿಕೊಂಡಿದ್ದರು. ಅಂತರದಲ್ಲಿ ನಮಗಿಂತ ಬಹಳ ಮುಂದೆ. ಆದರೆ ಅಲ್ಲಿನ ನಿಯಮ ಮೊದಲು ನೋಡುವುದು ಪರಸ್ಪರ ಆಡಿದ ಪಂದ್ಯಗಳನ್ನು. ಎರಡನ್ನೂ ನಾವು ಗೆದ್ದಿದ್ದೆವು. ಮೊದಲ ಸ್ಥಾನ ನಮ್ಮದಾಯಿತು. ಫೈನಲ್‌ನಲ್ಲಿ ಮತ್ತೆ ಅದೇ ಇಬ್ಬರು, ಮುಂಬೈಯಲ್ಲಿ. ತೊಂಬತ್ತು ನಿಮಿಷ ಸೊನ್ನೆ–ಸೊನ್ನೆ, ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂತು. 117ನೆಯ ನಿಮಿಷದಲ್ಲಿ ಕಾರ್ನರ್ ಬಂತು, ರಾಹುಲ್ ಭೇಕೆ ತಲೆ ಕೊಟ್ಟ. ಈ ಸಲ ತಲೆ ನಮ್ಮವರದು.